ಗೋಡೆ ಪರೀಕ್ಷಿಸುವವನ ಅನುಷ್ಠಾನ

ಬಸವಕುಮಾರನಿಗೆ ಸಂಬಳ ಬರುತ್ತಿದ್ದುದು ಗೋಡೆಗೆ ತಲೆ ಹೊಡೆಯುವುದಕ್ಕೆ. ತನ್ನ ತಲೆಯಲ್ಲ, ಕಂಪ್ಯೂಟರಿನೊಳಗಿನ ಒಬ್ಬ ಸರದಾರನ ತಲೆ. ಬೆಂಗಳೂರಿನ ಒಂದು ಕಂಪನಿ ಕೋಟೆ ಕಾಯುವ ವಿಡಿಯೋ ಗೇಮ್ ಒಂದನ್ನು ತಯಾರಿಸುತ್ತಿತ್ತು. ಅದರಲ್ಲಿ ದಪ್ಪ ಮೀಸೆಯ ಸರದಾರನೊಬ್ಬ ಕತ್ತಿ ಹಿರಿದು ಕೋಟೆಯೊಳಗೆಲ್ಲ ಓಡಾಡುತ್ತಾನೆ. ಅವನನ್ನು ಓಡಿಸಿಕೊಂಡು ಹೋಗಿ ಒಂದೊಂದೇ ಗೋಡೆಗೆ ಡಿಕ್ಕಿ ಹೊಡೆಸಬೇಕು. ಗೋಡೆ ತಡೆಯಿತೋ, ಸರಿ. ಸರದಾರ ಗೋಡೆಯನ್ನು ತೂರಿಕೊಂಡು ಆಚೆ ಹೋದನೋ, ಇಲ್ಲೊಂದು ತಪ್ಪಿದೆ ಎಂದು ಮೇಲಿನವರಿಗೆ ತಿಳಿಸಬೇಕು. ಇದು ಬಸವಕುಮಾರನ ನೌಕರಿ.

ಇಂಥ ನೌಕರಿಯನ್ನು ಶಹಾಪುರದಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? ದಿನಾ ಆಟ ಆಡುತ್ತೇನೆ, ಅದಕ್ಕೇ ಪಗಾರ ಕೊಡುತ್ತಾರೆ ಎಂದರೆ ಯಾರೂ ಮನೆ ಬಾಡಿಗೆಗೆ ಕೊಡುವುದಿಲ್ಲ. ಆಗಲೇ ಕೊಟ್ಟಿರುವ ಹೆಣ್ಣನ್ನು ವಾಪಸು ಕರೆದುಕೊಂಡು ಹೋದರೂ ಹೋದಾರು. ಆದ್ದರಿಂದ, ತನ್ನೂರು ಕಕ್ಕೇರಾದ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವೆಂದು ಶಹಾಪುರಕ್ಕೆ ಬಂದು ಸರ್ವರಬೇಗಂ ಅವರ ಮಾಳಿಗೆ ಮೇಲಿನ ಕೋಣೆ ಹಿಡಿದಾಗ ಅವನು ಗಂಟಲು ಸರಿಮಾಡಿಕೊಂಡು, "ಭಾಳ ಏಕಾಗ್ರತಾ ಬೇಕಾಗೋ ಕೆಲಸ್ರಿ ಆಪಾ. ಗ್ವಾಡಿ ಪರೀಕ್ಷಾ ಮಾಡತೀನಿ" ಅಂದುಬಿಟ್ಟ.

ಸರ್ವರಬೇಗಂ ಅದನ್ನು ನಂಬಿದ್ದಷ್ಟೇ ಅಲ್ಲ, ಕೂಡಲೇ ಕರೆದುಕೊಂಡು ಹೋಗಿ ಹಿತ್ತಲ ಕಡೆಯ ತೇವ ಹಿಡಿದ ಗೋಡೆಯನ್ನು ತೋರಿಸಿದರು. ಬಸವಕುಮಾರ ಬೆರಳ ಗೆಣ್ಣಿನಿಂದ ಎರಡು ಕಡೆ ಕುಟ್ಟಿ, ಕಿವಿಗೊಟ್ಟು ಕೇಳಿ, ಗಟ್ಟಿ ಅದ ಎಂದು ತೀರ್ಪು ಕೊಟ್ಟ. ಮುಂದಿನ ಮಳೆಗೆ ಅದರ ಗಿಲಾವು ಹಪ್ಪಳದಂತೆ ಉದುರಿತು. ಅವನು ಹೇಳಿದ್ದು ಗೋಡೆಯ ವಿಚಾರ, ಗಿಲಾವಿನ ವಿಚಾರ ಅಲ್ಲವೇ ಅಲ್ಲ ಎಂದು ನೆರೆಯವರ ಮುಂದೆ ಅವನ ಪರ ವಾದಿಸಿದವರೂ ಸರ್ವರಬೇಗಮ್ಮೇ. ಅಂಥ ಹೆಂಗಸು ಅವರು.

ಎಲ್ಲ ನೆಟ್ಟಗೇ ನಡೆದಿತ್ತು. ಒಂದು ದಿನ ಅವನ ಮೇಲಧಿಕಾರಿ ಫಿರ್ದೌಸ್ ಮೇಡಂ ಬೆಂಗಳೂರಿನಿಂದ ಫೋನು ಮಾಡಿ, ಆಟ ಬಿಡುಗಡೆಯಾಗುವ ದಿನ ಹತ್ತಿರ ಬಂದಿದೆ, ಇವತ್ತಿನಿಂದ ಕ್ರಂಚ್ ಅಂದರು. ಆ ಶಬ್ದ ಕೇಳಿದಾಗ ಬಸವಕುಮಾರನಿಗೆ ಚುರುಮುರಿಯ ಜೊತೆ ಕಡಿದು ತಿನ್ನುವ ಕರಿದ ಮೆಣಸಿನಕಾಯಿಯ ನೆನಪಾಗಿ ಬಾಯಲ್ಲಿ ನೀರು ಬಂದಿತ್ತು. ಒಂದೇ ವಾರದಲ್ಲಿ, ಇಲ್ಲಿ ಕಡಿಯುವವರು ಬೇರೆ, ಮೆಣಸಿನಕಾಯಿ ತಾನು ಎಂಬುದು ತಿಳಿಯಿತು. ಕ್ರಂಚ್ ಎಂದರೆ ಎದ್ದಾಗಿನಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳುವವರೆಗೆ ಕೆಲಸ. ಭಾನುವಾರಕ್ಕೂ ಬುಧವಾರಕ್ಕೂ ಒಂದೇ ಮುಖ. ಇದೊಂದು ವಾರ ಅಷ್ಟೇ ಎಂದು ಮೇಡಂ ವಾರವಾರವೂ ಹೇಳುತ್ತಿದ್ದರು. ಪಾಪ, ನಂಬಿಯೇ ಹೇಳುತ್ತಿದ್ದರು.

ಇದೇ ಹೊತ್ತಿಗೆ ಹುಣಸಗಿಯ ತವರಿನಲ್ಲಿ ಅವನ ಹೆಂಡತಿ ಸೌಭಾಗ್ಯಳಿಗೆ ಹೆಣ್ಣುಮಗು ಹುಟ್ಟಿತು. ಬಸವಕುಮಾರ ಮಗಳನ್ನು ಫೋನಿನಲ್ಲಿ ನೋಡಿದ್ದ. ಅದೂ ಹೆಚ್ಚಾಗಿ ಒಂದು ಕಿವಿಯನ್ನು, ಏಕೆಂದರೆ ಫೋನು ಹಿಡಿಯುತ್ತಿದ್ದವರು ಅತ್ತೆ ದೇವಕಮ್ಮ. ತೊಟ್ಟಿಲ ಕಾರ್ಯವನ್ನು ಅವನ ಸಲುವಾಗಿ ಎರಡು ಸಲ ಮುಂದಕ್ಕೆ ಹಾಕಿದ್ದರು. ಮೂರನೆಯ ಸಲ ಸೋಮವಾರ ಎಂದು ಗೊತ್ತುಮಾಡಿ ದೇವಕಮ್ಮ ಖಡಾಖಂಡಿತವಾಗಿ ಹೇಳಿಕಳಿಸಿದರು: ಅಳಿಯಂದಿರು ಬಂದರೆ ಬಂದರು, ಬರದಿದ್ದರೆ ಅಪ್ಪನಿಲ್ಲದೆಯೇ ಹೆಸರಿಡುತ್ತೇವೆ, ಕೇಳಿದವರಿಗೆ ಅಪ್ಪ ಗೋಡೆಯಲ್ಲಿ ಸಿಕ್ಕಿಕೊಂಡಿದ್ದಾನೆ ಎನ್ನುತ್ತೇವೆ. ಬಸವಕುಮಾರ, ಬಂದೇ ಬರುತ್ತೇನೆ, ಮಗಳನ್ನು ಎತ್ತಿಕೊಳ್ಳಲು ಕೈಗಳು ಕಾತರಿಸುತ್ತಿವೆ ಎಂದು ಮಾತು ಕೊಟ್ಟ.

ಇನ್ನು ಕೆಳಗಿನ ಕಿರಾಣಿ ಅಂಗಡಿಯ ಸಂಗಣ್ಣನ ವಿಷಯ. ಸಂಗಣ್ಣ ಹಿಂದೊಮ್ಮೆ ಯಾವುದೋ ಮಠದಲ್ಲಿ ಸ್ವಾಮಿಗಳು ಮೌನ ಅನುಷ್ಠಾನಕ್ಕೆ ಕೂತಾಗ ಬಾಗಿಲು ಕಾಯುವ ಸೇವೆ ಮಾಡಿದ್ದ. ಅಂದಿನಿಂದ ಅನುಷ್ಠಾನದ ವಿಷಯದಲ್ಲಿ ಊರಿಗೆ ತಾನೇ ಪಂಡಿತ ಎಂದು ತಿಳಿದಿದ್ದ. ಬಸವಕುಮಾರ ಕೆಳಗಿಳಿಯುವುದನ್ನು ಬಿಟ್ಟದ್ದನ್ನು ಮೊದಲು ಗಮನಿಸಿದವನು ಅವನೇ. ಮಾಳಿಗೆಯಿಂದ ಹಗ್ಗ ಕಟ್ಟಿದ ಚೀಲ ಇಳಿಯುತ್ತಿತ್ತು. ಅದರಲ್ಲಿ ಸಂಗಣ್ಣ ಇಡುತ್ತಿದ್ದುದು ಹಾಲು ಮತ್ತು ಬಾಳೆಹಣ್ಣು, ಏಕೆಂದರೆ ಬಸವಕುಮಾರನಿಗೆ ಅನ್ನ ಬೇಯಿಸಲು ಪುರುಸೊತ್ತಿರಲಿಲ್ಲ. ಒಂದು ದಿನ ಚೀಲ ಎಳೆದುಕೊಳ್ಳಲು ಕಟಾಂಜನದ ಬಳಿ ಬಂದವನ ಗಡ್ಡ ಎದೆಯ ದಾರಿ ಹಿಡಿದಿತ್ತು. ಒಗೆದ ಬಟ್ಟೆ ಒಂದೂ ಉಳಿದಿರಲಿಲ್ಲವಾಗಿ ಮೈಗೆ ಹಾಸಿಗೆಯ ಚಾದರ ಸುತ್ತಿಕೊಂಡಿದ್ದ. ಚಾದರ ಕಾವಿ ಬಣ್ಣದ್ದು.

ಯಾಕೆ ತಮ್ಮಾ, ಹುಷಾರಿಲ್ಲೇನು ಎಂದು ಸಂಗಣ್ಣ ಕೂಗಿ ಕೇಳಿದ. ಬಸವಕುಮಾರನ ಕಿವಿಯ ಮೇಲೆ ಹೆಡ್‌ಫೋನು, ಅದರಲ್ಲಿ ಮೀಟಿಂಗು. ಅವನು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯನ್ನು ಆಮೇಲೆ ಎನ್ನುವ ಹಾಗೆ ಎತ್ತಿ ಒಳಗೆ ಹೋದ. ಸಂಗಣ್ಣನಿಗೆ ಆ ಎತ್ತಿದ ಕೈ ಆಶೀರ್ವಾದದಂತೆ ಕಂಡಿತು. ಹಾಲು, ಹಣ್ಣು, ಕಾವಿ, ಗಡ್ಡ, ಮೌನ. ಅವನು ಅಂಗಡಿಯನ್ನು ಹಾಗೇ ಬಿಟ್ಟು ಎದುರಿನ ಹಿಟ್ಟಿನ ಗಿರಣಿಗೆ ಓಡಿದ.

ಸಂಜೆಯಾಗುವಷ್ಟರಲ್ಲಿ ಓಣಿಗೆ ಓಣಿಯೇ ಕಿಟಕಿಯ ಕೆಳಗೆ ನಿಂತಿತ್ತು. ಸೆಖೆಗೆ ಕಿಟಕಿ ತೆರೆದಿತ್ತು. ಒಳಗಿಂದ ಬಸವಕುಮಾರನ ಧ್ವನಿ, ಫಿರ್ದೌಸ್ ಮೇಡಂಗೆ ವರದಿ ಒಪ್ಪಿಸುತ್ತಿದ್ದದ್ದು, ಸ್ಪಷ್ಟವಾಗಿ ಕೇಳಿಬಂತು.

"ಗ್ವಾಡಿ ಒಳಗಿಂದ ಹಾದು ಹೋದ್ರಿ. ನೀರಿನ ಮ್ಯಾಲ ನಡದ, ಕಾಲು ತೋಯ್ಲಿಲ್ಲ. ಸತ್ತ ಕುದುರಿ ಎದ್ದು ನಿಂತದ."

ಕೆಳಗೆ ನಿಂತವರ ಕೈಗಳು ತಾವಾಗಿಯೇ ಮುಗಿದವು. ಮೌನದಲ್ಲಿದ್ದವರು ಮಾತಾಡಬಹುದೇ ಎಂದು ಗಿರಣಿಯವನು ಮೆಲ್ಲಗೆ ಶಂಕೆ ಎತ್ತಿದ. ಅಷ್ಟರಲ್ಲಿ ಒಳಗಿನಿಂದಲೇ ಉತ್ತರ ಬಂತು: ಆಗಲ್ರಿ, ಇದನ್ನೆಲ್ಲಾ ಮ್ಯಾಲಿನವರಿಗೆ ತಿಳಸರಿ ಎಂದು. ಸಂಗಣ್ಣ ಗಿರಣಿಯವನ ಕಡೆ ಕನಿಕರದಿಂದ ನೋಡಿದ. ಮೌನ ಇರುವುದು ನಮ್ಮಂಥವರ ಜೊತೆ, ಮೇಲಿನವರ ಜೊತೆ ಮಾತು ಇದ್ದೇ ಇರುತ್ತದೆ ಎಂದು ತಿಳಿಸಿ ಹೇಳಿದ.

ಹಾಗಂತ ಎಲ್ಲರೂ ಅದನ್ನು ಅನುಷ್ಠಾನ ಅಂದರೆಂದಲ್ಲ. ಇದು ಚಿಲ್ಲಾ, ನಮ್ಮ ದೊಡ್ಡ ಮಾಮೂಜಾನ್ ದರ್ಗಾದಲ್ಲಿ ನಲವತ್ತು ದಿನ ಹೀಗೆಯೇ ಒಬ್ಬರೇ ಕೂತಿದ್ದರು ಎಂದು ಸರ್ವರಬೇಗಂ ಹೇಳಿದರು. ಪಕ್ಕದ ಮನೆಯ ಬುದ್ಧಪ್ರಿಯ ಗುರುಗಳು, ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದವರು, ಇದು ಧ್ಯಾನ ಶಿಬಿರದ ಪದ್ಧತಿ, ತಾವೂ ಒಮ್ಮೆ ಮಾತಿಲ್ಲದೆ ಕೂತು ಬಂದಿರುವುದಾಗಿ ಹೇಳಿದರು. ಗುರುಗಳ ಮನೆಯವರು, ಅವು ಮನೆ ಕಂಡ ಅತ್ಯಂತ ಸುಖದ ದಿನಗಳು ಎಂದು ಸೇರಿಸಿದರು. ಹೆಸರು ಯಾವುದಾದರೇನು, ಹುಡುಗನಿಗೆ ಗದ್ದಲವಾಗಬಾರದು ಎಂಬಲ್ಲಿ ಮೂವರಿಗೂ ಒಮ್ಮತ. ಮಧ್ಯಾಹ್ನ ಗಿರಣಿ ನಿಂತಿತು. ಸಂಗಣ್ಣನ ಅಂಗಡಿಯ ಮೊಬೈಲು ಹಾಡು ನಿಂತಿತು. ಓಣಿಯ ನಾಯಿಗಳನ್ನು ಯಾರೋ ಬೇರೆ ಓಣಿಗೆ ದಾಟಿಸಿ ಬಂದರು. ಚೀಲದಲ್ಲಿ ಖರ್ಜೂರ ಬಂತು, ಬಾದಾಮಿ ಹಾಲು ಬಂತು, ಗುರುಗಳ ಮನೆಯಿಂದ ಮೆಂತ್ಯದ ಹಿಟ್ಟು ಬಂತು.

ಬಸವಕುಮಾರನಿಗೆ ಇದು ಗೊತ್ತಾಗಲಿಲ್ಲವೇ? ಗೊತ್ತಾಯಿತು. ಎರಡನೆಯ ದಿನವೇ ಕಿಟಕಿಯಿಂದ ಬಗ್ಗಿ ನೋಡಿದವನಿಗೆ ಹತ್ತಾರು ಮಂದಿ ಕೈ ಮುಗಿದಾಗ ಗೊತ್ತಾಯಿತು. ಆದರೆ ಎಷ್ಟೋ ದಿನಗಳ ಮೇಲೆ ಓಣಿ ತಣ್ಣಗಿತ್ತು, ಹೊಟ್ಟೆ ತುಂಬಿತ್ತು. ಅವನು ಸುಳ್ಳು ಹೇಳಲಿಲ್ಲ. ನಿಜ ಹೇಳುವುದಕ್ಕೆ ಪುರುಸೊತ್ತು ಮಾಡಿಕೊಳ್ಳಲಿಲ್ಲ, ಅಷ್ಟೇ.

ಜನ ಸೇರಿ ರಸ್ತೆ ಬಂದ್ ಆಗಿದೆ ಎಂದು ವಿಚಾರಿಸಲು ಬಂದ ಪೊಲೀಸ್ ಹಣಮಂತ್ರಾಯನೂ ಲಾಠಿ ಬಗಲಿಗೆ ಸೇರಿಸಿ ನಿಂತುಬಿಟ್ಟ. ಅವನು ಸುರಪುರಕ್ಕೆ ವರ್ಗ ಕೇಳಿ ವರ್ಷಗಳಿಂದ ಕಾಯುತ್ತಿದ್ದ. ಅದೇ ಗಳಿಗೆಗೆ ಮೇಲಿನಿಂದ, ಮೂರನೇ ಬಾಗಿಲು ಮುಟ್ಟದೇನೇ ತಾನ ತಗೀತದ ಎಂಬ ವಾಣಿ ಬಂತು. ಹಣಮಂತ್ರಾಯನ ಅರ್ಜಿ ಸಿಕ್ಕಿಹಾಕಿಕೊಂಡಿದ್ದುದು ಮೂರನೆಯ ಟೇಬಲ್ಲಿನಲ್ಲಿ. ಅವನು ಅಲ್ಲೇ ಟೋಪಿ ತೆಗೆದ. ಮರುದಿನದಿಂದ ಓಣಿಯ ಬಾಯಿಗೆ ನಿಂತು ಬೈಕುಗಳ ಹಾರನ್ ಬಂದ್ ಮಾಡಿಸತೊಡಗಿದ.

ಈ ನಡುವೆ ಶುಕ್ರವಾರ ಫಿರ್ದೌಸ್ ಮೇಡಂ, ಇದೊಂದು ವಾರ ಅಂದರು. ಸೋಮವಾರದ ಆಸೆ ಹೋಯಿತು. ಬಸವಕುಮಾರ ಹುಣಸಗಿಗೆ ಫೋನು ಮಾಡಲು ನಾಲ್ಕಾರು ಸಲ ಕೈಯಲ್ಲಿ ಹಿಡಿದ. ಅತ್ತೆಗೆ ಏನೆಂದು ಹೇಳುವುದು? ಹಾಗೇ ಇಟ್ಟ. ಇಟ್ಟು, ಸರದಾರನ ತಲೆಯನ್ನು ಗೋಡೆಗೆ ಜೋರಾಗಿಯೇ ಹೊಡೆಸಿದ.

ಅವನು ಮಾಡದ ಫೋನಿನ ಕೆಲಸವನ್ನು ಬಸ್ಸುಗಳು ಮಾಡಿದವು. ಅಳಿಯ ಹಾಲು ಹಣ್ಣಿನ ಮೇಲೆ ಇದ್ದಾನೆ ಎಂಬ ಸುದ್ದಿ ಶಹಾಪುರದಲ್ಲಿ ಬಸ್ಸು ಹತ್ತಿತು. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಅದು, ಅನ್ನ ಬಿಟ್ಟಿದ್ದಾನೆ ಎಂದಾಯಿತು. ಹುಣಸಗಿಯಲ್ಲಿ ಇಳಿದಾಗ, ಸಂಸಾರ ಬಿಟ್ಟಿದ್ದಾನೆ ಎಂದಾಗಿತ್ತು.

ಸೋಮವಾರ ಬೆಳಿಗ್ಗೆ ಶಹಾಪುರದ ಓಣಿಗೆ ಒಂದು ಟೆಂಪೋ ಬಂದು ನಿಂತಿತು. ಅದರ ನೆತ್ತಿಯ ಮೇಲೆ ಹಗ್ಗದಿಂದ ಬಿಗಿದ ತೊಟ್ಟಿಲು, ಒಳಗೆ ಹುಗ್ಗಿಯ ಪಾತೇಲಿ, ಕರೆಸಿದ್ದ ಮುತ್ತೈದೆಯರು, ಮಗುವನ್ನೆತ್ತಿಕೊಂಡ ಸೌಭಾಗ್ಯ. ಎಲ್ಲರಿಗಿಂತ ಮುಂದೆ ದೇವಕಮ್ಮ. ಕಾರ್ಯ ನಿಲ್ಲಿಸಲು ಅವರು ತಯಾರಿರಲಿಲ್ಲ, ಅದಕ್ಕೇ ಕಾರ್ಯವನ್ನೇ ಹೇರಿಕೊಂಡು ಬಂದಿದ್ದರು.

ಸಂಗಣ್ಣ ಎರಡೂ ಕೈ ಅಗಲಿಸಿ ಮೆಟ್ಟಿಲಿಗೆ ಅಡ್ಡ ನಿಂತು, ಸ್ವಾಮಿಗಳನ್ನು ಕರೆಯುವ ಹಾಗೆ, ಅಜ್ಜಾರು ಮೌನದಾಗ ಅದಾರ ಅಂದ.

"ಮೌನ ಇದ್ದಾನಂತ? ಹೆಣ್ಣ ನೋಡಾಕ ಬಂದ ದಿನಾನೂ ಹಿಂಗ ಮೌನ ಇದ್ದ. ನಾವು ಶಾಣ್ಯಾ ಹುಡುಗ ಅಂತ ತಿಳಕೊಂಡಿವಿ" ಎಂದು ದೇವಕಮ್ಮ ಅವನ ತೋಳಿನ ಕೆಳಗಿಂದ ನುಗ್ಗಿ ಮೇಲೆ ಹತ್ತಿದರು. ಅವರ ಹಿಂದೆ ಸೌಭಾಗ್ಯ, ಅವಳ ಹಿಂದೆ ಸರ್ವರಬೇಗಂ, ಬುದ್ಧಪ್ರಿಯ ಗುರುಗಳು, ಕೊನೆಗೆ ಹಣಮಂತ್ರಾಯ.

ಬಾಗಿಲು ತೆರೆದೇ ಇತ್ತು. ಕಾವಿ ಚಾದರ ಹೊದ್ದು, ಪರದೆಗೆ ಮೂಗು ತಾಗಿಸುವಂತೆ ಕೂತಿದ್ದ ಬಸವಕುಮಾರನ ಬೆನ್ನು ಮಾತ್ರ ಕಂಡಿತು. ಸುತ್ತ ಬಾಳೆಹಣ್ಣಿನ ಸಿಪ್ಪೆ. ಸೌಭಾಗ್ಯ ಎರಡು ಹೆಜ್ಜೆ ಮುಂದೆ ಹೋದಳು. ಇಡೀ ದಾರಿ ಅಳದೆ ಬಂದಿದ್ದಳು.

"ಖರೇನ ನಮ್ಮನ್ನ ಬಿಟ್ಟ್ರೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

ಬಸವಕುಮಾರ ತಿರುಗಿ ನೋಡಿದ. ಮೀಟಿಂಗು ನಡೆದಿತ್ತು. ಇಷ್ಟು ದಿನದ ರೂಢಿಗೆ ಬಿದ್ದ ಅವನ ಬೆರಳು, ಅವನನ್ನು ಕೇಳದೆಯೇ, ತುಟಿಯ ಮೇಲೆ ಹೋಗಿ ನಿಂತಿತು.

ಆ ಬೆರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದವಳು ಒಬ್ಬಳೇ. ಅವಳು ತಾಯಿಯ ಕೈಯಲ್ಲಿದ್ದಳು. ಬಾಯಿ ತೆರೆದು, ಶಹಾಪುರದ ಬಸ್‌ಸ್ಟ್ಯಾಂಡಿನವರೆಗೆ ಕೇಳುವಂತೆ ಕಿರುಚಿದಳು. ಬಸವಕುಮಾರ ಬೆಚ್ಚಿ ಎದ್ದ. ಹೆಡ್‌ಫೋನಿನ ವಯರು ಕಿತ್ತು ಬಂತು. ಕೋಣೆಯ ತುಂಬ ಫಿರ್ದೌಸ್ ಮೇಡಂ ಧ್ವನಿ ಹರಡಿ, ಬಸವಕುಮಾರ್, ಇದು ಯಾವ ಲೆವೆಲ್ಲಿನ ಸೌಂಡ್ ಎಂದು ಕೇಳಿತು.

ಆಮೇಲೆ ನಿಜ ಹೊರಬೀಳಲು ಬಹಳ ಹೊತ್ತು ಬೇಕಾಗಲಿಲ್ಲ. ಸನ್ಯಾಸವಿಲ್ಲ, ಅನುಷ್ಠಾನವಿಲ್ಲ, ಆಫೀಸಿನ ಕೆಲಸ, ಆಟದ ಕೆಲಸ, ಬಿಟ್ಟು ಏಳಲು ಬಿಡುತ್ತಿಲ್ಲ ಎಂದು ಅವನು ತೊದಲುತ್ತ ಹೇಳಿದ. ಹೇಳುವಾಗ ಕಣ್ಣೆಲ್ಲ ಮಗಳ ಮೇಲೆ. ಅವಳಿಗೆ ಒಂದಲ್ಲ, ಎರಡು ಕಿವಿ ಇದ್ದವು.

"ಅಂದ್ರ ಸತ್ತ ಕುದುರಿ?" ಎಂದ ಸಂಗಣ್ಣ.

"ಆಟದ ಕುದುರಿ ರೀ ಅಣ್ಣಾರ."

"ಮೂರನೇ ಬಾಗಿಲ?" ಎಂದ ಹಣಮಂತ್ರಾಯ ಎಲ್ಲರ ಹಿಂದಿನಿಂದ.

"ಅದು ರಿಪೇರಿ ಆತ್ರಿ. ಇನ್ನ ತಗಿಯಂಗಿಲ್ಲ."

ಹಣಮಂತ್ರಾಯ ನಿಟ್ಟುಸಿರು ಬಿಟ್ಟು ಟೋಪಿ ಹಾಕಿಕೊಂಡ. ಈಗ ಓಣಿ ತಿರುಗಿಬೀಳುತ್ತದೆ, ಕೊಟ್ಟ ಖರ್ಜೂರವನ್ನೆಲ್ಲ ವಾಪಸು ಕೇಳುತ್ತದೆ ಎಂದು ಬಸವಕುಮಾರ ತಲೆ ತಗ್ಗಿಸಿದ. ಆದರೆ ಸಂಗಣ್ಣ ಗಡ್ಡ ಕೆರೆಯುತ್ತ ಯೋಚಿಸಿದ. ಊರಿಗೆಲ್ಲ ಸಾರಿದವನು ಅವನು, ಅವನ ಮರ್ಯಾದೆಯೂ ಇದರಲ್ಲಿತ್ತು. ಹುಡುಗ ಕೂತದ್ದು ಸುಳ್ಳೇ? ಹಾಲು ಹಣ್ಣು ಸುಳ್ಳೇ? ಮೈ ಕರಗಿದ್ದು ಸುಳ್ಳೇ? ಹಾಗಾದರೆ ಇದೂ ಅನುಷ್ಠಾನವೇ, ದೇವರು ಯಾರೆಂಬುದೊಂದು ಗೊತ್ತಿಲ್ಲ ಅಷ್ಟೇ ಎಂದು ತೀರ್ಮಾನ ಕೊಟ್ಟ. ಆಮೇಲೆ ಕೇಳಬೇಕಾದ ಮಾತನ್ನೂ ಅವನೇ ಕೇಳಿದ: ಅನುಷ್ಠಾನ ಅಂದಮೇಲೆ ಮುಗಿಸುವ ಕಾರ್ಯ ಇರುತ್ತದೆ, ಇದರ ಮಂಗಲ ಯಾವತ್ತು?

ಬಸವಕುಮಾರ ಪರದೆಯ ಮೇಲಿದ್ದ ಫಿರ್ದೌಸ್ ಮೇಡಂ ಕಡೆ ನೋಡಿದ. ಎಲ್ಲರೂ ಪರದೆಯ ಕಡೆ ನೋಡಿದರು. ದೇವಕಮ್ಮ ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತರು.

"ಯವ್ವಾ, ಇದರ ಮಂಗಲ ಯಾವಾಗ?"

"ಇದೊಂದು ವಾರ ಅಮ್ಮಾ, ಆಟ ಬಿಡುಗಡೆ ಆಗಿಬಿಡುತ್ತೆ" ಎಂದರು ಫಿರ್ದೌಸ್ ಮೇಡಂ.

"ಆಮ್ಯಾಲ?"

"ಆಮೇಲೆ..." ಮೇಡಂ ಕನ್ನಡಕ ಸರಿಮಾಡಿಕೊಂಡರು. "ಆಮೇಲೆ ಇನ್ನೊಂದು ಆಟ ಇದೆ."

ಚಿಲ್ಲಾಕ್ಕೂ ಕೊನೆ ಇದೆಯಲ್ಲ ಎಂದು ಸರ್ವರಬೇಗಂ ಬೆರಗಾದರು. ಶಿಬಿರಕ್ಕೂ ಸಮಾರೋಪ ಇದೆ, ಚಹಾ ಕೂಡ ಕೊಡುತ್ತಾರೆ ಎಂದರು ಬುದ್ಧಪ್ರಿಯ ಗುರುಗಳು. ಮಂಗಲವೇ ಇಲ್ಲದ ಅನುಷ್ಠಾನವನ್ನು ಸಂಗಣ್ಣ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ದೇವಕಮ್ಮ ಮಾತ್ರ ಪರದೆಯನ್ನೇ ದಿಟ್ಟಿಸುತ್ತಿದ್ದರು. ಆ ಹುಡುಗಿಯೂ ಒಂದು ಶಾಲು ಹೊದ್ದಿದ್ದಳು. ಕಣ್ಣ ಕೆಳಗೆ ಕಪ್ಪು ಹತ್ತಿತ್ತು. ಅವಳ ಮೇಜಿನ ಮೂಲೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತು.

"ಅಯ್ಯ, ನೀನೂ ಕುಂತೀ ಏನವ್ವಾ," ಎಂದರು ದೇವಕಮ್ಮ, ಮೊದಲ ಸಲ ದನಿ ತಗ್ಗಿಸಿ. "ನಿನ್ನ ಮನ್ಯಾಗ ನಿನಗ ಊಟಕ್ಕ ಕಾಯೋರು ಯಾರದಾರ?"

ಫಿರ್ದೌಸ್ ಮೇಡಂ ಶಾಲಿನ ಅಂಚಿನಿಂದ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಅಮ್ಮಿ ಇದ್ದಾರೆ, ಹೋಗಿ ಬಹಳ ದಿನ ಆಯಿತು ಎಂದರು. ಆಮೇಲೆ ಮಗುವನ್ನು ಹತ್ತಿರ ತೋರಿಸಿ ಎಂದು ಕೇಳಿ, ಬಹಳ ಹೊತ್ತು ನೋಡಿ, "ಬಸವಕುಮಾರ್, ನೀವು ಹೋಗಿ. ಈ ವಾರ ಪೂರ್ತಿ ರಜಾ. ನಾನೂ ಮನೆಗೆ ಹೋಗ್ತೀನಿ. ಮೇಲಿನವರಿಗೆ ನಾನು ಹೇಳ್ಕೋತೀನಿ" ಅಂದರು.

ಮೇಲಿನವರು ಎಂಬ ಮಾತು ಕೇಳಿ, ರೂಢಿಯಂತೆ, ಸಂಗಣ್ಣ ಕೈ ಮುಗಿದ.

ಬಸವಕುಮಾರ ಇನ್ನೂ ಹಿಂದೆಮುಂದೆ ನೋಡುತ್ತಿದ್ದ. ಉತ್ತರ ದಿಕ್ಕಿನ ಬುರುಜಿನ ಗೋಡೆಗಳು ಉಳಿದಿವೆ ಎಂದು ಗೊಣಗಿದ. ಆಗ ಬುದ್ಧಪ್ರಿಯ ಗುರುಗಳು ಅವನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಊರಾಚೆ, ಮಲಗಿದ ಮಹಾತ್ಮನೆಂದು ಊರು ನಂಬಿದ ಗುಡ್ಡದ ಸಾಲು, ಹಣೆ, ಮೂಗು, ಗದ್ದ, ಎದೆ ಎಂದು ತೋರಿಸದೆಯೇ ಕಾಣುವಂತೆ, ಅಂಗಾತ ಮಲಗಿತ್ತು.

"ನೋಡು ತಮ್ಮಾ. ನಮ್ಮೂರಾಗ ಮಂದಿ ಕೈ ಮುಗಿಯೂದು ಮಲಗಿದವರಿಗೆ. ನೀ ಯಾಕ ಎದ್ದು ಕುಂತೀ?"

ಮಂಗಲ ಆಗಿಯೇಬಿಟ್ಟಿತು. ಸಂಗಣ್ಣ ತನ್ನ ಅಂಗಡಿಯದೇ ತೆಂಗಿನಕಾಯಿ ತಂದು ಕಂಪ್ಯೂಟರಿನ ಮುಂದೆ ಒಡೆದ. ನೀರು ಕೀಲಿಮಣೆಗೆ ಸಿಡಿಯದಂತೆ ಹಣಮಂತ್ರಾಯ ಟೋಪಿ ಅಡ್ಡ ಹಿಡಿದ. ಗಿರಣಿಯವನು ಬಿಸಿನೀರು ಕಾಯಿಸಿದ, ಕ್ಷೌರದವನು ಮನೆಗೇ ಬಂದ. ಸರ್ವರಬೇಗಂ ಅವರ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ತೊಟ್ಟಿಲು ಏರಿತು. ಸ್ನಾನ ಮಾಡಿ ಅತ್ತೆ ತಂದಿದ್ದ ಬಿಳಿ ಅಂಗಿ ತೊಟ್ಟು ಬಂದ ಬಸವಕುಮಾರನ ಮಡಿಲಿಗೆ ಸೌಭಾಗ್ಯ ಮಗಳನ್ನು ಹಾಕಿದಳು. ಅವನು ಉಸಿರು ಬಿಗಿಹಿಡಿದು ಕೂತ. ಸುತ್ತ ನೋಡಿದ. ಸುಳ್ಳಾದ ಅಜ್ಜಾರಿಗಾಗಿ ಓಣಿಯ ಮಂದಿ ಎಲೆ ಹಾಕುತ್ತಿದ್ದರು, ನೀರಿಡುತ್ತಿದ್ದರು, ಒಬ್ಬರೂ ಖರ್ಜೂರದ ಮಾತು ಎತ್ತಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದ, ಮಗಳ ಮೇಲೆ ಬಗ್ಗಿ ಮುಖ ಮರೆಸಿಕೊಂಡ. ಮತ್ತೆ ಮೌನಕ್ಕೆ ಕುಂತ್ರು ನೋಡ್ರಿ ಎಂದು ಗಿರಣಿಯವನು ನಗಿಸಿದ.

ಹುಗ್ಗಿ ಹೊಟ್ಟೆಗೆ ಬಿದ್ದದ್ದೇ ಸಾಕಾಯಿತು. ಮಗು ತೊಟ್ಟಿಲು ಸೇರಿತು, ಬಸವಕುಮಾರ ಹಿಂದಿನ ಗೋಡೆಗೆ ಒರಗಿದ. ಅದೇ ತೇವದ ಗೋಡೆ. ಅವನ ತಲೆ ಅದಕ್ಕೆ ಟಪ್ಪೆಂದು ತಾಗಿತು. ಗೋಡೆ ತಡೆಯಿತು.

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅಪ್ಪನ ಅಕ್ಕನೋ ತಂಗಿಯೋ. ಬಸವಕುಮಾರನಿಗೆ ಇಬ್ಬರೂ ಇಲ್ಲ. ಆಪಾ ಎಂದರೂ ಅಕ್ಕನೇ, ಬಾಯಿತುಂಬ ಹಾಗೆ ಕರೆಯುತ್ತಾನಲ್ಲ, ನಾನಿಲ್ಲವೇ ಎಂದು ಸರ್ವರಬೇಗಂ ಸೆರಗು ಸಿಕ್ಕಿಸಿ ಮುಂದೆ ಬಂದರು. ದೇವಕಮ್ಮ ಸರಿದು ಜಾಗ ಕೊಟ್ಟರು. ಹೆಸರು ಯಾವುದೆಂದು ಅಪ್ಪನನ್ನೇ ಕೇಳಬೇಕಲ್ಲ. ಸರ್ವರಬೇಗಂ ಅರೆಗಣ್ಣಾಗಿದ್ದವನ ಕಿವಿಗೆ ಬಗ್ಗಿ, "ತಮ್ಮಾ, ಏನ್ ಹೆಸರ ಬೇಕಪ್ಪಾ?" ಎಂದರು.

ಅವನಿಗೆ ಕೇಳಿಸಿದ್ದು ಏನು ಬೇಕಪ್ಪಾ ಎಂಬುದಷ್ಟೇ. ನಿದ್ದೆಯ ಹೊಸ್ತಿಲಲ್ಲಿ ನಿಂತು, ಎದೆಯ ಆಳದಿಂದ ಒಂದೇ ಮಾತು ಹೇಳಿದ:

"ವಿಶ್ರಾಂತಿ."

ಎಷ್ಟು ಚಂದದ ಹೆಸರು ಎಂದು ಮುತ್ತೈದೆಯರು ಮೆಚ್ಚಿದರು. ಸರ್ವರಬೇಗಂ ತೊಟ್ಟಿಲಿಗೆ ಬಗ್ಗಿ ಕುರ್ರ್ ಎಂದು ಕಿವಿಯಲ್ಲಿ ಊದಿ ಹೆಸರು ಹೇಳಿದರು. ಪದ್ಧತಿಯಂತೆ ಹುಣಸಗಿಯ ಹೆಂಗಸರೆಲ್ಲ ಅವರ ಬೆನ್ನಿಗೆ ದಬದಬ ಗುದ್ದಿದರು. ಅವರು ನಗುತ್ತ, ಇನ್ನೂ ಎರಡು ಹಾಕ್ರಿ, ಗೋಡಿಗಿಂತ ಗಟ್ಟಿ ಅದೀನಿ ಅಂದರು. ಇಷ್ಟೆಲ್ಲ ಗದ್ದಲದಲ್ಲಿ ಬಸವಕುಮಾರ ಕದಲಲಿಲ್ಲ. ಅವನನ್ನು ಯಾರೂ ಎಬ್ಬಿಸಲಿಲ್ಲ.

ಮುಂದೆ ಆ ಆಟ ಸ್ವಲ್ಪ ತಡವಾಗಿ ಬಿಡುಗಡೆಯಾಯಿತು, ತಡವಾದದ್ದಕ್ಕೆ ಆಕಾಶವೇನೂ ಬೀಳಲಿಲ್ಲ. ಅದರಲ್ಲಿ ಉತ್ತರದ ಬುರುಜಿನ ಬಳಿ ಒಂದು ಗೋಡೆಯಿದೆ. ಸರದಾರನನ್ನು ಅದಕ್ಕೆ ಒರಗಿಸಿ ಸುಮ್ಮನೆ ಬಿಟ್ಟರೆ ಅವನು ಕತ್ತಿ ಕೆಳಗಿಟ್ಟು ಗೊರಕೆ ಹೊಡೆಯುತ್ತಾನೆ. ಕೋಟೆಯವರು ಯಾರೂ ಅವನನ್ನು ಎಬ್ಬಿಸುವುದಿಲ್ಲ. ಅದನ್ನು ಫಿರ್ದೌಸ್ ಮೇಡಂ ಬೇಕೆಂದೇ ಸೇರಿಸಿದರೋ, ತಪ್ಪಾಗಿ ಉಳಿಯಿತೋ ತಿಳಿಯದು. ಬಸವಕುಮಾರ ಅದನ್ನು ನೋಡಿದ, ಆದರೆ ಮೇಲಿನವರಿಗೆ ತಿಳಿಸಲಿಲ್ಲ.

ಹೆಂಡತಿ ಮಗಳು ಈಗ ಶಹಾಪುರದ ಮಾಳಿಗೆ ಕೋಣೆಗೇ ಬಂದಿದ್ದಾರೆ. ಮಗಳಿಗೆ ಮಧ್ಯಾಹ್ನದ ನಿದ್ದೆ ಎಂಬುದು ಗೊತ್ತೇ ಇಲ್ಲ. ಊಟ ಮುಗಿಸಿ ಓಣಿ ಮಗ್ಗುಲಾಗುವ ಹೊತ್ತಿಗೆ ಸರಿಯಾಗಿ ಅವಳ ಕಿರುಚಾಟ ಶುರು. ಬಸವಕುಮಾರ ಕೆಲಸ ಬದಿಗಿಟ್ಟು ಅವಳನ್ನು ಹೆಗಲಿಗೆ ಹಾಕಿಕೊಂಡು ಮಾಳಿಗೆಯ ಮೇಲೆ ತಿರುಗಾಡುತ್ತ, ಆಚೆ ಮಲಗಿದ ಗುಡ್ಡವನ್ನು ತೋರಿಸುತ್ತಾನೆ. ಅವಳು ಗುಡ್ಡವನ್ನೂ ಎಬ್ಬಿಸುವಂತೆ ಕೂಗುತ್ತಾಳೆ. ಗಿರಣಿಯವನು ಅಂಗಳಕ್ಕೆ ಬಂದು ಮೇಲೆ ನೋಡುತ್ತ, ಏನ್ರಿ ಅಜ್ಜಾರ, ವಿಶ್ರಾಂತಿ ಸಿಕ್ಕತೋ ಇಲ್ಲೋ ಎಂದು ಕೇಳುತ್ತಾನೆ.

"ಸಿಕ್ಕದ ರೀ ಅಣ್ಣಾರ," ಎನ್ನುತ್ತಾನೆ ಬಸವಕುಮಾರ, ಮಗಳ ಬೆನ್ನು ತಟ್ಟುತ್ತ. "ಕೈ ತುಂಬ ಸಿಕ್ಕದ."